ಎಂಜಿನ್ ಮೇಲೊಂದು ಶ್ರೀ

ಆಸ್ಟ್ರೇಲಿಯಕ್ಕೆ ಹೋಗಿಬಂದೆ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಕಾಂಗರೂ ವಿಷಯ. ನೋಡಿದೆ, ಒಂದೇ ಒಂದು, ಅದೂ ಲಾರಿಗೆ ಸಿಕ್ಕಿ ರಸ್ತೆ ಬದಿಯಲ್ಲಿ ಬಿದ್ದಿದ್ದು. ಸಮುದ್ರ? ವಿಮಾನದ ಕಿಟಕಿಯಿಂದ ಕಂಡಷ್ಟೇ. ದೊಡ್ಡ ದೊಡ್ಡ ಕಟ್ಟಡ? ರೈಲು ಹಿಡಿಯುವ ಗಡಿಬಿಡಿಯಲ್ಲಿ ತಲೆ ಎತ್ತಲೇ ಇಲ್ಲ. ಮತ್ತೇನು ಮಾಡಿದಿರಿ ಮೇಡಂ ಹದಿನೈದು ದಿನ ಎಂದರೆ, ಒಂದು ತಗಡಿನ ಶೆಡ್ಡಿನಲ್ಲಿ ಮರದ ಸ್ಟೂಲಿನ ಮೇಲೆ ಕೂತು, ನಮ್ಮಣ್ಣ ಹೇಳಿದ್ದನ್ನು ಇಂಗ್ಲಿಷಿಗೂ ಒಬ್ಬ ಬಿಳಿಗಡ್ಡದ ಮುದುಕರು ಹೇಳಿದ್ದನ್ನು ಕನ್ನಡಕ್ಕೂ ತಿರುಗಿಸುತ್ತಿದ್ದೆ. ಇದನ್ನೂ ಪ್ರವಾಸ ಅಂತ ಬರೆಯಬೇಕಾ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನನಗಂತೂ ಇದಕ್ಕಿಂತ ದೊಡ್ಡ ಪ್ರವಾಸ ಬೇಕಿಲ್ಲ.

ಚಾಮರಾಜಪೇಟೆ: ಹೊರಡುವ ಮುಂಚೆ

ನಮ್ಮಣ್ಣ ವಿಶ್ವನಾಥ ಚಾಮರಾಜಪೇಟೆಯಲ್ಲಿ ಲೇತ್ ಅಂಗಡಿ ಇಟ್ಟು ಕಬ್ಬಿಣ ಕಡೆಯುವ ಟರ್ನರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಅವನು ಬಿಟ್ಟಿದ್ದರಿಂದ ನಾನು ಓದಿದೆ, ಬಸವನಗುಡಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ ಲಲಿತಾ ಮೇಡಂ ಆದೆ. ಇದನ್ನು ಅವನು ಒಂದು ದಿನವೂ ಎತ್ತಿ ಆಡಿಲ್ಲ. ನಾನೂ ಮರೆತಿಲ್ಲ.

ಅವನ ಅಂಗಡಿಯ ಹಿಂದಿನ ಅಂಗಳದಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಒಂದು ಕಾರು. ನಮ್ಮ ಕಡೆ ಅದನ್ನು 'ವಿಲನ್ ಕಾರು' ಎಂದೇ ಕರೆಯುತ್ತಿದ್ದರು. ಅರವತ್ತರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ತಯಾರಾದ ಮಸಲ್ ಕಾರು ಅದು. ಅಂದರೆ ಸಂಸಾರಸ್ಥರ ಕಾರಿನ ಮೈಗೆ ಎಂಟು ಸಿಲಿಂಡರಿನ ದೈತ್ಯ ಎಂಜಿನ್ ಕೂರಿಸಿದ್ದು. ಕಂಪನಿಯ ಹೆಸರು ಬೇಡ, ಜಾಹೀರಾತು ಮಾಡಿದ ಹಾಗಾಗುತ್ತದೆ. ಬಾಂಬೆಯ ಕಾನ್ಸುಲೇಟಿನ ಅಧಿಕಾರಿಯೊಬ್ಬರು ತರಿಸಿಕೊಂಡಿದ್ದನ್ನು ಗಾಂಧಿನಗರದ ಒಬ್ಬ ಸಿನಿಮಾ ಹಂಚಿಕೆದಾರರು ಕೊಂಡು, ಖಳನಾಯಕರ ಸವಾರಿಗೆಂದು ಶೂಟಿಂಗ್‌ಗಳಿಗೆ ಕೊಡುತ್ತಿದ್ದರು. ನಂದಿ ಬೆಟ್ಟದ ಮೇಲೆ ಒಂದು ಸಲ ಎಂಜಿನ್ ಕುದಿಯಿತು. ಯಾರೋ ಪುಣ್ಯಾತ್ಮ ಒಂದು ಬಕೆಟ್ ತಣ್ಣೀರು ಸುರಿದ. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಎರಡು ಎರಕದ ಹೆಡ್‌ಗಳಲ್ಲಿ ಒಂದು ಬಿರುಕು ಬಿಟ್ಟಿತು. ರಿಪೇರಿಗೆಂದು ಅಣ್ಣನ ಹತ್ತಿರ ಎಳೆದು ತಂದರು, ವಾಪಸು ತೆಗೆದುಕೊಂಡು ಹೋಗಲಿಲ್ಲ. ಆಫೀಸು ಮುಚ್ಚುವ ದಿನ ಹಂಚಿಕೆದಾರರೇ ಬಂದು, "ಅದನ್ನ ನೀನೇ ಇಟ್ಕೊಳ್ಳಯ್ಯಾ ವಿಶ್ವ, ಅದಕ್ಕೊಂದು ಗತಿ ಕಾಣಿಸು" ಅಂದರಂತೆ. ಹದಿನಾಲ್ಕು ವರ್ಷ ಅದು ಅಲ್ಲೇ ನಿಂತಿತ್ತು. ಆರ್‌ಸಿ ಪುಸ್ತಕವನ್ನು ಗೆದ್ದಲು ತಿಂದಿತು. ಬಾನೆಟ್ಟಿನ ಕೆಳಗಿದ್ದ ಕಂಪನಿಯ ನಂಬರ್ ತಗಡು ಯಾವ ಶೂಟಿಂಗಿನಲ್ಲಿ ಉದುರಿತೋ ಯಾರಿಗೂ ಗೊತ್ತಿಲ್ಲ.

ತೊಂಬತ್ತಾರರಲ್ಲಿ ಅಣ್ಣ ಅದಕ್ಕೆ ಕೈ ಹಾಕಿದ. ಭಾನುವಾರಗಳು, ಹಬ್ಬದ ರಜೆಗಳು, ಅತ್ತಿಗೆಯ ಬೈಗುಳ, ಎಲ್ಲ ಸೇರಿ ಐದು ವರ್ಷ. ಬುಷ್ಷು, ಪಿನ್ನು, ವಾಲ್ವಿನ ಗೈಡು, ಕಿಟಕಿ ಗಾಜಿನ ಹ್ಯಾಂಡಲ್ಲು, ಸಿಗದ ಪ್ರತಿಯೊಂದನ್ನೂ ತಾನೇ ಲೇತಿನಲ್ಲಿ ಹೊಡೆದ. ಆದರೆ ಆ ಹೆಡ್ ಮಾತ್ರ ಬಗ್ಗಲಿಲ್ಲ. ಎರಡು ಸಲ ಬೆಸುಗೆ ಹಾಕಿಸಿದ, ಎರಡು ಸಲವೂ ನೀರು ಜಿನುಗಿತು. ಎರಕದ ವಸ್ತು, ಲೇತಿನಲ್ಲಿ ಹುಟ್ಟುವುದಿಲ್ಲ. ಹೊಸದೊಂದು ಸಿಗದಿದ್ದರೆ ಐದು ವರ್ಷದ ಕೆಲಸ ಮತ್ತೆ ಹೊಂಗೆ ಮರದ ಕೆಳಗೇ.

ಗಾಂಧಿಬಜಾರಿನ ಸೈಬರ್ ಕೆಫೆಯಲ್ಲಿ ಕೂತು ಜಗತ್ತಿನ ಹಳೇ ಕಾರಿನ ಸಂಘಗಳಿಗೆಲ್ಲ ಇಮೇಲ್ ಹೊಡೆದವಳು ನಾನು. ಆರು ತಿಂಗಳ ಮೇಲೆ ಕೆನ್ ಎನ್ನುವವರಿಂದ ಒಂದು ಉತ್ತರ ಬಂತು. ಇದೇ ಕಾರು ತಯಾರಾಗುತ್ತಿದ್ದ ಕಾರ್ಖಾನೆಯಲ್ಲಿ ಬಣ್ಣ ಬಳಿಯುತ್ತಿದ್ದವರು, ಈಗ ನಿವೃತ್ತರು. "ನನ್ನ ಹತ್ತಿರ ಒಂದು ಹೆಡ್ ಇದೆ. ಮಾರುವುದಿಲ್ಲ, ಪಾರ್ಸೆಲ್ ಕಳಿಸುವುದೂ ಇಲ್ಲ. ಬಂದು ನಿಮ್ಮ ಕಾರಿನ ಫೋಟೋ ತೋರಿಸಿ. ನಿಜವಾದ ಕಾರು ಅನ್ನಿಸಿದರೆ ಕೊಡುತ್ತೇನೆ." ಇಷ್ಟೇ ಉತ್ತರ.

"ಇಷ್ಟು ಹೇಳೋ ಮನುಷ್ಯ ಸರಿಯಾದೋನೇ ಇರ್ಬೇಕು. ಹೋಗೋಣ" ಅಂದ ಅಣ್ಣ, ಮೈಸೂರಿಗೆ ಹೋಗಿಬರುವವನ ಹಾಗೆ. ಇಂಗ್ಲಿಷಿಗೆ ನಾನು ಬೇಕಿತ್ತು. ಬೇಸಿಗೆ ರಜೆ ಬೇರೆ, ಹೊರಟೆ.

ಮೆಲ್ಬರ್ನ್ ವಿಮಾನ ನಿಲ್ದಾಣ: ಹುಲ್ಲಿನ ಪ್ರಕರಣ

ಬಿರುಕು ಬಿಟ್ಟ ಹೆಡ್ಡನ್ನೂ ಜೊತೆಗೆ ಒಯ್ಯಬೇಕು ಎಂದು ಅಣ್ಣನ ಹಟ. ಎರಡನ್ನೂ ಪಕ್ಕಪಕ್ಕ ಇಟ್ಟು ತೂತಿಗೆ ತೂತು ಹೊಂದುತ್ತದೆಯೇ ನೋಡಬೇಕಂತೆ. ಅದರ ತೂಕಕ್ಕೆ ಅವನ ಲಗೇಜಿನ ಮಿತಿ ಪೂರ್ತಿ ಮುಗಿದು, ಅವನ ಪಂಚೆ, ಸ್ವೆಟರು, ಶೇವಿಂಗ್ ಡಬ್ಬಿ ಎಲ್ಲ ನನ್ನ ಸೂಟ್‌ಕೇಸಿಗೆ ಬಂದವು. ದಾರಿಯುದ್ದಕ್ಕೂ ನನಗೆ ಒಂದೇ ಭಯ, ಈ ಕಬ್ಬಿಣದ ತುಂಡನ್ನು ನೋಡಿ ಪೊಲೀಸರು ಏನೆಂದುಕೊಳ್ಳುತ್ತಾರೋ ಎಂದು. ಇದು ಎಂಜಿನ್ ಭಾಗ, ಬಾಂಬ್ ಅಲ್ಲ ಎಂದು ಹೇಳುವ ನಾಲ್ಕು ವಾಕ್ಯವನ್ನು ಸಿಂಗಪುರದಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಕಬ್ಬಿಣವನ್ನು ಯಾರೂ ಕೇಳಲಿಲ್ಲ. ಅಣ್ಣ ಅದನ್ನು ಪ್ಯಾಕ್ ಮಾಡಿದ್ದು ಹಳೇ ಮರದ ಪೆಟ್ಟಿಗೆಯಲ್ಲಿ, ಸುತ್ತಲೂ ಭತ್ತದ ಹುಲ್ಲು ತುರುಕಿ. ಗಾಜಿನ ಸಾಮಾನಿನಿಂದ ಹಿಡಿದು ದೇವರ ಫೋಟೋವರೆಗೆ ನಾವು ಪ್ಯಾಕ್ ಮಾಡುವುದೇ ಹಾಗೆ. ಪೆಟ್ಟಿಗೆ ತೆರೆದ ಅಧಿಕಾರಿ ಹೆಂಗಸು ಹುಲ್ಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗವಸು ಬಂತು, ಇನ್ನೊಬ್ಬ ಅಧಿಕಾರಿ ಬಂದ, ಒಂದು ನಾಯಿಯೂ ಬಂತು. ಹುಲ್ಲಿನ ಜೊತೆ ಯಾವ ಹುಳ, ಯಾವ ಬೀಜ ಬಂದು ಅವರ ದೇಶದ ಬೆಳೆಯನ್ನು ಹಾಳು ಮಾಡುತ್ತದೋ ಎಂಬ ಆತಂಕ. ಒಂದೊಂದು ಕಡ್ಡಿಯನ್ನೂ ಚಿಮಟದಲ್ಲಿ ಹಿಡಿದು ಚೀಲಕ್ಕೆ ಹಾಕಿದರು. ಪೆಟ್ಟಿಗೆಯನ್ನೂ ಸುಡುತ್ತೇವೆ ಅಂದರು. ಹೆಡ್ಡನ್ನು ಮಾತ್ರ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, "ಎಂಟು ಸಿಲಿಂಡರಿನದಾ? ಚೆನ್ನಾಗಿದೆ" ಎಂದು ನಗುತ್ತಾ ಕೊಟ್ಟಳು.

"ಕಬ್ಬಿಣ ಬಿಡ್ತಾರಂತೆ, ಹುಲ್ಲು ಬಿಡಲ್ವಂತೆ! ಎಂಥ ದೇಶಕ್ಕೆ ಕರ್ಕೊಂಡು ಬಂದೆಯೇ?" ಎಂದ ಅಣ್ಣ. ಕರೆದುಕೊಂಡು ಬಂದವನು ಅವನು ಎನ್ನುವುದು ಆಗಲೇ ಮರೆತಿತ್ತು.

ಹೆಸರು ಹೇಳಬಾರದ ಊರು

ಕೆನ್ ಇರುವುದು ಮೆಲ್ಬರ್ನಿನಿಂದ ಮೂರು ಗಂಟೆ ರೈಲಿನ ದೂರದ ಊರಲ್ಲಿ. ಊರಿನ ಹೆಸರು ಬರೆಯಬೇಡಿ, ಕಾರಿನ ಹುಚ್ಚರೆಲ್ಲ ಬಂದು ಬಾಗಿಲು ಬಡಿಯುತ್ತಾರೆ ಎಂದು ಅವರೇ ಕೇಳಿಕೊಂಡಿದ್ದಾರೆ. ಸ್ಟೇಷನ್ನಿಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಹೆಂಡತಿಯ ಹೆಸರು ಶೀಲಾ ಎಂದು ಕೇಳಿದ್ದೇ ಅಣ್ಣನಿಗೆ ಅರ್ಧ ಪರದೇಶ ಕರಗಿಹೋಯಿತು. ಅವತ್ತಿನಿಂದ ಆಕೆ ಶೀಲಮ್ಮ.

ಅಲ್ಲಿಯ ಹಳ್ಳಿ ರಸ್ತೆಯಲ್ಲಿ ಎದುರಿಗೆ ಕಾರು ಬಂದರೆ ಸ್ಟಿಯರಿಂಗಿನಿಂದ ಒಂದೇ ಒಂದು ಬೆರಳೆತ್ತುತ್ತಾರೆ. ಗುರುತಿರಲಿ ಬಿಡಲಿ, ಅದೇ ನಮಸ್ಕಾರ. ಇದನ್ನು ನಮ್ಮ ಕೆ.ಆರ್. ಮಾರುಕಟ್ಟೆ ಸರ್ಕಲ್ಲಿನಲ್ಲಿ ಮಾಡಲು ಹೊರಟರೆ ಮನೆ ಸೇರುವ ಹೊತ್ತಿಗೆ ಬೆರಳು ಊದಿಕೊಂಡಿರುತ್ತದೆ. ಅಣ್ಣನಿಗೆ ಅದು ಎಷ್ಟು ಹಿಡಿಸಿತೆಂದರೆ, ಹಿಂದಿನ ಸೀಟಿನಲ್ಲಿ ಕೂತೇ ಎಲ್ಲರಿಗೂ ಬೆರಳೆತ್ತುತ್ತಿದ್ದ.

ಶೀಲಮ್ಮನ ಮನೆಯಲ್ಲಿ ನನಗೆ ಒಂದೇ ಸಂಕಟ. ಪಾತ್ರೆಯನ್ನು ಸೋಪಿನ ನೀರಲ್ಲಿ ಅದ್ದಿ ತೆಗೆದು, ಆ ನೊರೆಯ ಸಮೇತ ಬಟ್ಟೆಯಲ್ಲಿ ಒರೆಸಿ ಇಟ್ಟುಬಿಡುತ್ತಾರೆ. ತೊಳೆಯುವುದೇ ಇಲ್ಲ! ಎರಡು ದಿನ ಸಹಿಸಿಕೊಂಡೆ. ಮೂರನೇ ದಿನದಿಂದ ಆಕೆ ತೋಟಕ್ಕೆ ಹೋದ ಕೂಡಲೇ ಲೋಟ ತಟ್ಟೆಗಳನ್ನೆಲ್ಲ ನಲ್ಲಿ ಕೆಳಗೆ ಹಿಡಿದು ಗುಟ್ಟಾಗಿ ತೊಳೆದಿಡುತ್ತಿದ್ದೆ. ಸಂಜೆ ಆರಕ್ಕೆ ಊಟ ಮುಗಿಸುವುದನ್ನೂ ಹೇಗೋ ಕಲಿತೆವು.

ಕೆನ್ ಅವರ ಶೆಡ್ಡನ್ನು ನೋಡಿ ಮಾತ್ರ ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು. ಯಾವುದು ಜಾಗದಲ್ಲಿಲ್ಲ ಅನ್ನುವುದು ದೂರದಿಂದಲೇ ಕಾಣುತ್ತದೆ. ನಮ್ಮಣ್ಣನ ಅಂಗಡಿಯಲ್ಲಿ ಸ್ಪ್ಯಾನರು ಬೇಕಾದರೆ ಕಾಲಲ್ಲಿ ತಡಕಬೇಕು. ಮಧ್ಯದಲ್ಲಿ ಕೆನ್ ಅವರದೇ ಕಾರು, ನಮ್ಮ ವಿಲನ್ ಕಾರಿನ ಅಣ್ಣನೋ ತಮ್ಮನೋ. ಮೂಲೆಯಲ್ಲಿ, ಎಣ್ಣೆ ಹಚ್ಚಿದ ಬಟ್ಟೆ ಸುತ್ತಿ ಇಟ್ಟಿದ್ದ ಹೆಡ್. ಅಣ್ಣ ನಮ್ಮದನ್ನು ಪಕ್ಕದಲ್ಲಿಟ್ಟು ಕ್ಯಾಲಿಪರ್ ಹಿಡಿದು ಅಳೆದ. "ಎರಡಿಂಚು ಮೂರು ನೂಲು" ಎಂದು ಬೆರಳಲ್ಲಿ ತೋರಿಸಿದ. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಕೆಲಸಗಾರರು ನೂಲು ಅನ್ನುತ್ತಾರೆ. ಕೆನ್ ತಲೆಯಾಡಿಸಿ ಅದೇ ಅಳತೆ ಹೇಳಿದರು. ಮಿಲಿಮೀಟರ್ ಬಂದು ಇಷ್ಟು ವರ್ಷವಾದರೂ ಈ ಇಬ್ಬರೂ ಅದನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಆ ಹತ್ತು ನಿಮಿಷ ಅವರಿಗೆ ನಾನು ಬೇಕಾಗಲೇ ಇಲ್ಲ.

ಆಲ್ಬಂ ತೆರೆದ ದಿನ

ಮಾರನೇ ದಿನ ಬೆಳಿಗ್ಗೆ ಫೋಟೋ ತೋರಿಸುವ ಕಾರ್ಯಕ್ರಮ. ಅಣ್ಣ ಗಾಂಧಿಬಜಾರಿನ ಸ್ಟುಡಿಯೋದವನಿಂದ ಕಾರಿನದೊಂದು ಆಲ್ಬಂ ಮಾಡಿಸಿದ್ದ. ಸ್ಟುಡಿಯೋದವನಿಗೆ ಗೊತ್ತಿದ್ದದ್ದು ಒಂದೇ ಬಗೆಯ ಆಲ್ಬಂ. ಹಾಗಾಗಿ ನಮ್ಮ ಕಾರಿಗೂ ಕೆಂಪು ವೆಲ್ವೆಟ್ ರಟ್ಟು, ಬಂಗಾರದ ಅಕ್ಷರದಲ್ಲಿ 'ಶುಭ ವಿವಾಹ', ಪ್ರತಿ ಪುಟದ ಅಂಚಿಗೆ ಗುಲಾಬಿ ಹೂವು. ಕೆನ್ ಮುಖದಲ್ಲಿ ನಗು ಮೂಡಿದರೂ ಗೌರವದಿಂದಲೇ ಪುಟ ತಿರುಗಿಸಿದರು. ತುಕ್ಕು ಹಿಡಿದ ಮೈ, ಬಿಚ್ಚಿದ ಗೇರ್‌ಬಾಕ್ಸು, ಅಣ್ಣ ಹೊಡೆದ ಪಿನ್ನುಗಳು. "ಇದನ್ನು ಕೈಯಲ್ಲೇ ಮಾಡಿದಿರಾ? ಇದನ್ನೂನಾ?" ಎಂದು ಕೇಳುತ್ತಾ ಹೋದರು. ನಾನು ಪ್ರತಿ ಸಲ ಹೌದು ಎನ್ನುವಾಗ ನನ್ನ ಧ್ವನಿ ಸ್ವಲ್ಪ ಜಾಸ್ತಿಯೇ ಏರುತ್ತಿತ್ತು.

ಎಂಜಿನ್ನಿನ ಫೋಟೋ ಬಂತು. ಕೆನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲಿ ಎಂಜಿನ್ ನಂಬರ್ ಇರಬೇಕಿತ್ತು" ಎಂದು ಒಂದು ಜಾಗದ ಮೇಲೆ ಬೆರಳಿಟ್ಟರು.

ಅಲ್ಲಿ ನಂಬರ್ ಇರಲಿಲ್ಲ. ಕನ್ನಡಿಯ ಹಾಗೆ ಹೊಳೆಯುವ ಸಪಾಟು ಕಬ್ಬಿಣ, ಅದರ ನಡುವೆ ಉಳಿಯಲ್ಲಿ ಚೆಂದವಾಗಿ ಕೊರೆದ 'ಶ್ರೀ'.

ನನಗೆ ಕೂಡಲೇ ಅರ್ಥವಾಯಿತು. ಎಂಜಿನ್ನಿಗೆ ಕೈ ಹಾಕಿದ ದಿನ, ತುಕ್ಕು ತಿಂದು ಗುಳಿ ಬಿದ್ದಿದ್ದ ಆ ಜಾಗವನ್ನು ಅಣ್ಣ ಅರ ಹಾಕಿ ಉಜ್ಜಿದ್ದಾನೆ. ಕೆಲಸ ಶುರು ಮಾಡುವ ಮುಂಚೆ ಶ್ರೀ ಬರೆಯುವುದು ಅವನ ಅಭ್ಯಾಸ. ನೋಟು ಪುಸ್ತಕದ ಮೊದಲ ಪುಟದಲ್ಲಿ ನಾನು ಬರೆಯುವ ಹಾಗೆಯೇ. ನಂಬರ್ ಇದ್ದ ಜಾಗದಲ್ಲೇ ಬರೆದಿದ್ದ.

ಕೆನ್ ಎದ್ದು ಹೋಗಿ ಒಂದು ದಪ್ಪ ರಿಜಿಸ್ಟರ್ ತಂದರು. ಆ ಮಾದರಿಯ ಕಾರುಗಳನ್ನು ಕಂಪನಿ ಕೆಲವೇ ನೂರು ಮಾಡಿತ್ತಂತೆ. ಯಾವುದು ಯಾವ ದಿನ ಹೊರಗೆ ಬಂತು, ಈಗ ಎಲ್ಲಿದೆ, ಬದುಕಿದೆಯೋ ಗುಜರಿಗೆ ಹೋಯಿತೋ, ಎಲ್ಲವನ್ನೂ ಅವರು ಇಪ್ಪತ್ತು ವರ್ಷದಿಂದ ಬರೆದಿಟ್ಟಿದ್ದಾರೆ. ಒಂದು ಕಾರು ಬಾಂಬೆಗೆ ಹೋಗಿದ್ದು ಅವರಿಗೆ ಗೊತ್ತಿತ್ತು. ಆಮೇಲೆ ಏನಾಯಿತು ಎನ್ನುವುದು ಖಾಲಿ. ನಮ್ಮ ಇಮೇಲ್ ನೋಡಿ ಅವರು ಉತ್ತರ ಬರೆದಿದ್ದೇ ಅದಕ್ಕೆ. ಆದರೆ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಅಸಲಿ ಎಂದು ಹೇಳಿಕೊಂಡು ಬಂದವರು ಆವರೆಗೆ ಎಷ್ಟೋ ಮಂದಿ. ಅಂಥವರು ಮೊದಲು ಮಾಡುವ ಕೆಲಸ ನಂಬರ್ ಉಜ್ಜುವುದು. ಕದ್ದ ಕಾರಿನವರು ಮಾಡುವುದೂ ಅದನ್ನೇ.

"ನಂಬರ್ ಏನಾಯ್ತು?" ಎಂದು ಕೇಳಿದರು ಕೆನ್.

ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಮಾಡಿದವಳು ನಾನು. ಒಂದು ಕ್ಷಣವೂ ಯೋಚಿಸದೆ, "ತುಕ್ಕು ಹಿಡಿದು ಅಳಿಸಿಹೋಯಿತು" ಎಂದುಬಿಟ್ಟೆ.

ಅಣ್ಣನಿಗೆ ನನ್ನ ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ನನ್ನ ಮುಖ ಅರ್ಥವಾಗುತ್ತದೆ. "ಏನಂದೆ?" ಎಂದ. ಹೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ಕೆನ್ ಕಡೆ ತಿರುಗಿ, ಬಲಗೈಯನ್ನು ಎದೆಗೆ ತಟ್ಟಿಕೊಂಡು ಹೇಳಿದ.

"ನೋ ಸರ್. ಐ ಫೈಲ್. ಮೈ ಹ್ಯಾಂಡ್. ಮೈ ಮಿಸ್ಟೇಕ್."

ಐವತ್ತೈದು ವರ್ಷದಲ್ಲಿ ನಮ್ಮಣ್ಣ ಇಂಗ್ಲಿಷಿನಲ್ಲಿ ಆಡಿದ ಮೊದಲ ಪೂರಾ ಮಾತು ಅದು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಅದೇ ಹೊತ್ತಿಗೆ ಎದೆಯೂ ಉಬ್ಬಿತು. ಎರಡೂ ಒಟ್ಟಿಗೆ ಆಗಬಹುದು ಎನ್ನುವುದು ಆವರೆಗೆ ನನಗೆ ಗೊತ್ತಿರಲಿಲ್ಲ.

ಕೆನ್ ರಿಜಿಸ್ಟರ್ ಮುಚ್ಚಿದರು. "ನಿಜ ಹೇಳಿದ್ದಕ್ಕೆ ಸಂತೋಷ" ಎಂದರು. "ಆದರೆ ನಂಬರ್ ಇಲ್ಲದ ಎಂಜಿನ್ನಿಗೆ ಇದನ್ನು ಕೊಡಲಾರೆ. ಇದು ಕೊನೆಯದು. ಕ್ಷಮಿಸಿ." ಆಲ್ಬಂ ಮುಚ್ಚಿ ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಕೆಲಸವಿಲ್ಲದ ದಿನಗಳು

ವಾಪಸು ಹೋಗುವ ಟಿಕೆಟ್ ಇನ್ನೂ ಹನ್ನೊಂದು ದಿನ ದೂರ. ಬೇರೆ ಊರು ನೋಡಿಕೊಂಡು ಹೋಗೋಣ ಎಂದರೆ ಶೀಲಮ್ಮ ಬಿಡಲಿಲ್ಲ. ಕಾರಿನ ಜಗಳ ಗಂಡಸರದ್ದು, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಊಟದ ಮೇಜಿನಲ್ಲಿ ಎಲ್ಲರೂ ಹವಾಮಾನದ ವಿಷಯ ಮಾತಾಡುತ್ತಿದ್ದೆವು. ಆ ದೇಶದಲ್ಲಿ ಹವಾಮಾನ ಅಷ್ಟೊಂದು ಇರುವುದು ಒಳ್ಳೆಯದೇ ಆಯಿತು.

ನಾನು ಅಣ್ಣನ ಮೇಲೆ ರೇಗಿದೆ. "ಏಳನೇ ಕ್ಲಾಸ್ ಓದಿದ್ರೂ ನಂಬರ್ ಯಾವ್ದು ಅಂತ ಗೊತ್ತಾಗಲ್ವಾ ಅಣ್ಣ? ಅರ ಸಿಕ್ತು ಅಂತ ಉಜ್ಜಿಬಿಡೋದಾ?"

"ಅಸಹ್ಯವಾಗಿತ್ತು ಕಣೇ" ಎಂದ. "ಐದು ವರ್ಷ ಕೆಲಸ ಮಾಡಿ ಅಷ್ಟು ಜಾಗ ಗುಳಿಗುಳಿ ಬಿಡ್ಲಾ?" ಆಮೇಲೆ ಮೆತ್ತಗೆ, "ತಪ್ಪೇ. ಗೊತ್ತಿಲ್ದೆ ಮಾಡಿದ್ರೂ ತಪ್ಪೇ. ಮನೆಗೆ ಹೋಗಿ ಇನ್ನೊಂದ್ಸಲ ಬೆಸುಗೆ ನೋಡ್ತೀನಿ" ಎಂದ. ಅದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಅಣ್ಣ ಕೈ ಕಟ್ಟಿ ಕೂರುವ ಜಾತಿಯಲ್ಲ. ಮೂರನೇ ದಿನ ಕೆನ್ ಕಾರಿನ ಬಾಗಿಲನ್ನು ತೆಗೆದು ಮುಚ್ಚಿ ನೋಡಿದ. ಆ ಕಾರಿನ ಬಾಗಿಲುಗಳು ನಮ್ಮ ಹಳೇ ಮನೆಗಳ ಹೆಬ್ಬಾಗಿಲಿನಷ್ಟು ಭಾರ. ಕೀಲಿನ ಪಿನ್ ಸವೆದು ಬಾಗಿಲು ಜೋತುಬಿದ್ದಿತ್ತು. "ಹೊಸ ಪಿನ್ ಹೊಡ್ಕೊಡ್ಲಾ ಅಂತ ಕೇಳು" ಎಂದ. ಕೆನ್ ಸ್ವಲ್ಪ ಹಿಂದೆ ಮುಂದೆ ನೋಡಿ ಒಪ್ಪಿದರು.

ಅವರ ಲೇತಿನಲ್ಲಿ ಅಣ್ಣ ಅರ್ಧ ಗಂಟೆಯಲ್ಲಿ ಪಿನ್ ತಿರುಗಿಸಿದ. ಕೆನ್ ಮೈಕ್ರೋಮೀಟರ್ ಹಾಕಿ ನೋಡಿದರು, ಇನ್ನೊಂದು ತುದಿಗೂ ಹಾಕಿ ನೋಡಿದರು. ಅವರ ಹುಬ್ಬು ಮೇಲೆ ಹೋಗಿದ್ದನ್ನು ನಾನು ನೋಡಿದೆ.

ಪಿನ್ ಕೂರಿಸಲು ಬಾಗಿಲಿನ ಒಳಗಿನ ಹೊದಿಕೆಯನ್ನು ಬಿಚ್ಚಬೇಕಿತ್ತು. ಬಿಚ್ಚಿದ ಅಣ್ಣ ಒಳಗೆ ತಲೆ ತೂರಿಸಿ, ಹಾಗೇ ನಿಂತ.

"ಲಲ್ಲೀ, ಬಾರೇ ಇಲ್ಲಿ! ಬೇಗ ಬಾ!"

ಒಳತಗಡಿನ ಮೇಲೆ ಹಳದಿ ಮೇಣದ ಬಳಪದಲ್ಲಿ ಯಾರೋ ಏನೋ ಗೀಚಿದ್ದರು. ಇಂಗ್ಲಿಷ್ ಅಲ್ಲ, ಯಾವುದೋ ಬೇರೆ ಲಿಪಿ. ಅದರ ಮುಂದೆ ಅಂಕಿ ಮಾತ್ರ ಓದಬಹುದಿತ್ತು, 189. ಅಣ್ಣ ಓಡಿಹೋಗಿ ತನ್ನ ಅಳತೆಯ ನೋಟ್ ಬುಕ್ ತಂದ. ಕಾರಿನ ಪ್ರತಿ ಭಾಗದ ನಕ್ಷೆ ಬರೆದಿಟ್ಟಿದ್ದ ಪುಸ್ತಕ ಅದು. ಬಾಗಿಲಿನ ಪುಟದಲ್ಲಿ ಅದೇ ಅಕ್ಷರಗಳು, ಅದೇ ಬಾಗು, ಅದೇ ಬಾಲ, ಒಂದೊಂದನ್ನೂ ಚಿತ್ರ ಬರೆದ ಹಾಗೆ ಬರೆದಿದ್ದ. ಮುಂದೆ 216.

"ನಮ್ಮ ಬಾಗಿಲಲ್ಲೂ ಇದೆ" ಎಂದ. "ಸುತ್ತ ತುಕ್ಕೆಲ್ಲ ಕೆರೆದೆ, ಇದೊಂದು ಅಂಗೈ ಜಾಗ ಬಿಟ್ಟೆ. ಮೇಲೆ ಮೆರುಗೆಣ್ಣೆ ಹೊಡ್ದು ಕಾಪಾಡಿದೀನಿ."

"ಕಂಪನಿ ನಂಬರ್ ಉಜ್ಜಿಹಾಕಿ ಈ ಗೀಚಿದ್ದನ್ನ ಕಾಪಾಡಿದ್ಯಾ?" ಎಂದೆ ನಾನು, ಅಳುವೋ ನಗುವೋ ಗೊತ್ತಾಗದೆ.

"ನಂಬರ್ ಮಿಷಿನ್ ಹೊಡ್ದಿದ್ದು ಕಣೇ. ಇದು ಯಾರೋ ಕೆಲಸದೋನು ಬರೆದಿದ್ದು. ಉಜ್ಜೋಕೆ ಕೈ ಬರ್ಲಿಲ್ಲ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಕೆನ್ ಪುಸ್ತಕವನ್ನು ಕೈಗೆ ತೆಗೆದುಕೊಂಡಿದ್ದರು. ಪುಟದ ಅಕ್ಷರಗಳನ್ನು ಬಾಗಿಲಿನ ಅಕ್ಷರಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಿದರು.

"ಸ್ಟಾವ್ರೋಸ್" ಎಂದರು.

ಸ್ಟಾವ್ರೋಸ್ ಗ್ರೀಸ್ ದೇಶದಿಂದ ಕೆಲಸ ಹುಡುಕಿಕೊಂಡು ಬಂದವನು, ಕೆನ್ ಜೊತೆಗಾರ, ಈಗಿಲ್ಲ. ಆ ಮಾದರಿಯ ಕಾರುಗಳಿಗೆಲ್ಲ ಬಾಗಿಲು ಕೂರಿಸಿದವನು ಅವನೊಬ್ಬನೇ. ಪ್ರತಿ ಬಾಗಿಲಿನೊಳಗೆ ಅವನೂರಿನವರು ಬೇಡಿಕೊಳ್ಳುವ ಚರ್ಚಿನ ದೇವಮಾತೆಯ ಹೆಸರು ಬರೆದು, ಅದು ಎಷ್ಟನೇ ಕಾರೆಂದು ಅಂಕಿ ಹಾಕುತ್ತಿದ್ದನಂತೆ. ಮೇಲಿನವರು ಬೈದ ಮೇಲೆ ಹೊದಿಕೆಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ಬರೆಯಲು ಶುರು ಮಾಡಿದ. ಬಳಪದ ಬರಹ ಇಷ್ಟು ವರ್ಷ ಉಳಿದಿರುತ್ತದೆ ಎಂದು ಕೆನ್ ಎಣಿಸಿರಲಿಲ್ಲ, ತಮ್ಮ ಬಾಗಿಲನ್ನೂ ಬಿಚ್ಚಿ ನೋಡಿರಲಿಲ್ಲ. ಕೆನ್ ರಿಜಿಸ್ಟರ್ ತೆರೆದು ತಮ್ಮ ಕಾರಿನ ಸಾಲಿಗೆ ಬೆರಳಿಟ್ಟರು. ಕಾರ್ಖಾನೆಯಿಂದ ಹೊರಬಂದ ನೂರ ಎಂಬತ್ತೊಂಬತ್ತನೆಯ ಕಾರು ಅದು. ಹಾಳೆ ತಿರುಗಿಸಿ ಇನ್ನೂರ ಹದಿನಾರನೇ ಸಾಲಿಗೆ ಬಂದರು. ಅಲ್ಲಿ ಎಂಜಿನ್ ನಂಬರ್ ಇತ್ತು, ಬಣ್ಣ ಇತ್ತು, 'ಬಾಂಬೆ, ಕಾನ್ಸುಲೇಟ್' ಎಂದಿತ್ತು. ಮುಂದೆ ಖಾಲಿ.

ಆಮೇಲೆ ಕೆನ್ ಆಲ್ಬಂ ಕೇಳಿ ತರಿಸಿಕೊಂಡು, ಆ ಎಂಜಿನ್ ಫೋ‍ಟೋ ತೆರೆದು, ಈ ಅಕ್ಷರ ಏನು ಎಂದು ಕೇಳಿದರು. ನಾನು ಮೇಷ್ಟ್ರ ಬುದ್ಧಿ ಬಿಡದೆ, ಲಕ್ಷ್ಮಿ, ಐಶ್ವರ್ಯ, ಮಂಗಳ ಎಂದು ಶುರು ಮಾಡಿದೆ.

"ಸುಮ್ನಿರೇ ಸಾಕು" ಎಂದ ಅಣ್ಣ. "ಬಾಗಿಲೊಳಗೆ ಅವನು ಬರ್ದಿದ್ದನ್ನೇ ಎಂಜಿನ್ ಮೇಲೆ ನಾನು ಬರ್ದಿದೀನಿ ಅಂತ ಹೇಳು."

ಹೇಳಿದೆ. ಕೆನ್ ಮೂಲೆಗೆ ಹೋಗಿ ಎಣ್ಣೆಬಟ್ಟೆ ಸುತ್ತಿದ ಹೆಡ್ಡನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ತಂದು ಅಣ್ಣನ ಮುಂದಿಟ್ಟರು. ನಂಬರನ್ನು ಒಂದು ಕಾಗದದಲ್ಲಿ ಬರೆದು, ಇದೇ ಆ ಕಾರು ಎಂದು ಸಹಿ ಹಾಕಿ ಕೊಟ್ಟರು. ಶ್ರೀಯನ್ನು ಅಳಿಸಬೇಡಿ, ಅದರ ಕೆಳಗೆ ನಂಬರ್ ಹೊಡೆಯಿರಿ ಎಂದರು. ಮಿಕ್ಕ ದಿನಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಇನ್ನೊಂದು ಬಾಗಿಲಿನ ಪಿನ್ನನ್ನೂ ಅಣ್ಣ ಹೊಡೆದುಕೊಟ್ಟ. ಹೊರಡುವಾಗ ಶೀಲಮ್ಮ ನನ್ನ ಕಿವಿಯಲ್ಲಿ, ಎರಡನೇ ಸಲ ತೊಳೆದ ಲೋಟದಲ್ಲಿ ಟೀ ರುಚಿಯಾಗಿರುತ್ತದೆ ಎಂದರು. ಎಲ್ಲ ನೋಡಿದ್ದರು!

ಚಾಮರಾಜಪೇಟೆ, ಮತ್ತೆ

ಹೆಡ್ ಕೂರಿಸಿ, ನಂಬರ್ ಹೊಡೆದು, ಕೆನ್ ಕೊಟ್ಟ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡಿ ಹೊಸ ಆರ್‌ಸಿ ಮಾಡಿಸುವ ಹೊತ್ತಿಗೆ ನವೆಂಬರ್ ಬಂತು. ಕಾರನ್ನು ರಸ್ತೆಗೆ ಇಳಿಸುವ ದಿನ ಅಂಗಡಿಯ ಫೋನಿನ ವೈರನ್ನು ಅಂಗಳದವರೆಗೆ ಎಳೆದು ಆಸ್ಟ್ರೇಲಿಯಕ್ಕೆ ಹಚ್ಚಿದೆವು. ಅಣ್ಣ ಎಂಜಿನ್ ಚಾಲೂ ಮಾಡಿದ. ಹೊಂಗೆ ಮರದ ಕಾಗೆಗಳೆಲ್ಲ ಹಾರಿದವು, ಅತ್ತಿಗೆ ಬಾಗಿಲಿಗೆ ಬಂದು ಕಿವಿ ಮುಚ್ಚಿಕೊಂಡರು. ನಾನು ರಿಸೀವರನ್ನು ಬಾನೆಟ್ಟಿನ ಹತ್ತಿರ ಹಿಡಿದು ನಿಂತೆ. ಒಂದು ನಿಮಿಷ ಬಿಟ್ಟು ಕಿವಿಗಿಟ್ಟುಕೊಂಡೆ. ಆ ಕಡೆ ಏನೂ ಇಲ್ಲ. ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಎಡಗಡೆ ಒಂದು ಟ್ಯಾಪೆಟ್ ಸ್ವಲ್ಪ ಸದ್ದು ಮಾಡ್ತಿದೆ" ಎಂದರು ಕೆನ್.

ಟ್ಯಾಪೆಟ್ ಅಂದರೆ ವಾಲ್ವನ್ನು ತಟ್ಟಿ ತೆರೆಯುವ ಪುಟ್ಟ ಭಾಗ. ಅಣ್ಣನಿಗೆ ಹೇಳಲು ಹೆದರಿಕೆಯಾಯಿತು. ಹೇಳಿದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. ಹಲ್ಲು ಕಾಣುವ ಹಾಗೆ ನಕ್ಕು, "ಮೂರನೇದು. ನಂಗೂ ಕೇಳಿಸ್ತು ಅಂತ ಹೇಳು" ಎಂದು ಸ್ಪ್ಯಾನರ್ ಹುಡುಕತೊಡಗಿದ.

ಅದನ್ನು ಸರಿಮಾಡಿ ಮುಗಿಸುವಾಗ ಹನ್ನೊಂದು ಗಂಟೆ. ಪಕ್ಕದ ಸೀಟಿನ ಬಾಗಿಲು ತೆಗೆದು, "ಕೂತ್ಕೊಳ್ಳೇ" ಎಂದ. ಅಂಗಳದಿಂದ ನಿಧಾನವಾಗಿ ಬೀದಿಗೆ ತಿರುಗಿಸಿದ. ನಮ್ಮ ಬೀದಿಯ ಎರಡೂ ಬದಿಗೆ ಲೇತ್ ಅಂಗಡಿಗಳೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಬ್ಬಿಣ ಕೊರೆಯುವ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಯಾರು ಸತ್ತರೂ ಯಾರ ಮದುವೆಯಾದರೂ ಒಂದಲ್ಲ ಒಂದು ಮಿಷಿನ್ ಓಡುತ್ತಲೇ ಇರುತ್ತದೆ.

ಮೊದಲನೇ ಅಂಗಡಿಯವನು ಸ್ವಿಚ್ ಆರಿಸಿ ಹೊರಗೆ ಬಂದ. ಅವನ ಪಕ್ಕದವನು, ಎದುರಿನವನು, ಅದರಾಚೆಯವನು. ನಾವು ಮುಂದೆ ಹೋದ ಹಾಗೆ ಒಂದೊಂದೇ ಲೇತ್ ನಿಲ್ಲುತ್ತಾ ಬಂತು. ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಟರ್ನರುಗಳೆಲ್ಲ ಮೆಟ್ಟಿಲ ಮೇಲೆ ನಿಂತರು, ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ತಲೆ ಸ್ವಲ್ಪ ವಾರೆ ಮಾಡಿ ಎಂಜಿನ್ ಕೇಳಿಸಿಕೊಳ್ಳುತ್ತಿದ್ದರು. ಅಣ್ಣ ನೇರ ರಸ್ತೆ ನೋಡುತ್ತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕೆಲಸದ ದಿನ, ಕೆಲಸದ ಹೊತ್ತು, ಇಡೀ ಬೀದಿಯಲ್ಲಿ ಓಡುತ್ತಿದ್ದದ್ದು ಅವನದೊಂದೇ ಎಂಜಿನ್.